ಒಂಬತ್ತನೇ ಕಾಲಂ

ಬೆಂಗಳೂರು ಕಡೆಯವರು ಪಹಣಿ ಎನ್ನುವ ಕಾಗದಕ್ಕೆ ನಮ್ಮ ಹುನಗುಂದ, ಬಾದಾಮಿ, ಬಾಗಲಕೋಟೆಯ ಕಡೆ ಉತಾರ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಅದನ್ನು ಓದುವ ಕ್ರಮ ಒಂದೇ. ಮೊದಲು ಒಂಬತ್ತನೇ ಕಾಲಂ ನೋಡಬೇಕು, ಅಲ್ಲಿ ಮಾಲೀಕನ ಹೆಸರಿರುತ್ತದೆ. ಆಮೇಲೆ ಹನ್ನೊಂದನೇ ಕಾಲಂ. ಅದರ ತಲೆಬರಹ ‘ಇತರೆ ಹಕ್ಕುಗಳು’ ಎಂದಿದ್ದರೂ ಅಲ್ಲಿರುವುದು ಹೆಚ್ಚಾಗಿ ಸಾಲವೇ. ಅದಕ್ಕೆ ನಮ್ಮವರು ‘ಬೋಜಾ’ ಎನ್ನುತ್ತಾರೆ. ಹೊಲದ ಮೇಲೆ ಬೋಜಾ ಕೂರುತ್ತದೆ, ಸಾಲ ತೀರಿದರೆ ಬೋಜಾ ಇಳಿಯುತ್ತದೆ. ಬಂಡಿಯಲ್ಲಿ ಚೀಲ ಹೇರಿ ಇಳಿಸಿದ ಹಾಗೆ.

ನಮ್ಮ ಕಾಕಾನ ನಾಲ್ಕು ಎಕರೆ ಇಪ್ಪತ್ತು ಗುಂಟೆಯ ಉತಾರದಲ್ಲಿ ಒಂಬತ್ತನೇ ಕಾಲಂನಲ್ಲಿರುವುದು ಒಂದು ಕಂಪನಿಯ ಹೆಸರು. ಹನ್ನೊಂದನೇ ಕಾಲಂನಲ್ಲಿ ಬ್ಯಾಂಕೊಂದರ ₹82 ಕೋಟಿಯ ಬೋಜಾ ಇದೆ. ಆ ಮೊತ್ತ ಕಂಪನಿ ಕೊಂಡ ಎಲ್ಲ ಸರ್ವೆ ನಂಬರುಗಳಿಗೂ ಸೇರಿದ್ದು. ಆದರೆ ಉತಾರ ತೆಗೆದರೆ ಪ್ರತಿಯೊಂದರ ಮೇಲೂ ಪೂರ್ತಿ ₹82 ಕೋಟಿಯೇ ಅಚ್ಚಾಗಿ ಬರುತ್ತದೆ. ಮೊದಲ ಸಲ ನಾಡಕಚೇರಿಯಲ್ಲಿ ಅದನ್ನು ಕೈಗೆ ಕೊಟ್ಟಾಗ ಕಾಕಾ ಸೊನ್ನೆ ಎಣಿಸಿ, “ನನ್ನ ಎರಿ ಹೊಲಕ್ಕ ಇಷ್ಟ ಕಿಮ್ಮತ್ತ ಇತ್ತಂತ ಗೊತ್ತಿದ್ರ ನಾ ಯಾಕ ಮಾರತಿದ್ನೊ ತಮ್ಮಾ?” ಅಂದಿದ್ದ.

ಯಾವ ಕಂಪನಿ, ಯಾವ ಕಾರ್ಖಾನೆ ಎನ್ನುವುದು ಬೇಡ. ಪ್ರಕರಣ ಇನ್ನೂ ನಡೆದಿದೆ. ಐಹೊಳೆ ದಾಟಿ ಬಾದಾಮಿ ತಾಲ್ಲೂಕು ಹತ್ತಿರವಾಗುವ ಸೀಮೆಯಲ್ಲಿ, ಕೆಲವು ಸರ್ವೆ ನಂಬರು ಹುನಗುಂದಕ್ಕೆ, ಕೆಲವು ಬಾದಾಮಿಗೆ ಸೇರುವ ಜಾಗದಲ್ಲಿ, 2012ರಲ್ಲಿ ಅವರು ಬಂದರು. ಬಂದರು ಎನ್ನುವುದೂ ಪೂರ್ತಿ ಸರಿಯಲ್ಲ, ಬಂದವರು ಏಜೆಂಟರು. ಎಕರೆಗೆ ₹3 ಲಕ್ಷ ಎಂದು ಮಾತಾಯಿತು. ಕಾಕಾನ ಪಾಲಿಗೆ ಒಟ್ಟು ₹13.5 ಲಕ್ಷ. ಖರೀದಿ ಪತ್ರ ನೋಂದಣಿಯಾದ ದಿನ ₹4.5 ಲಕ್ಷದ ಮೂರು ಚೆಕ್ ಕೊಟ್ಟರು. ಒಂದಕ್ಕೆ ಅಂದಿನ ತಾರೀಖು, ಎರಡನೆಯದಕ್ಕೆ ಆರು ತಿಂಗಳ ಮುಂದಿನದು, ಮೂರನೆಯದಕ್ಕೆ ಒಂದು ವರ್ಷದ ಮುಂದಿನದು. ಮೊದಲನೆಯದು ಪಾಸಾಯಿತು. ಅದರಲ್ಲಿ ಕಾಕಾ ಮಗಳ ಮದುವೆ ಮಾಡಿದ, ಸೊಸೈಟಿಯ ಹಳೇ ಸಾಲ ತೀರಿಸಿದ. ಉಳಿದ ಎರಡು ಚೆಕ್ ಬ್ಯಾಂಕಿಗೆ ಹೋಗಿ ವಾಪಸ್ ಬಂದವು.

ಚೆಕ್ ವಾಪಸಾದರೆ 30 ದಿನದೊಳಗೆ ನೋಟೀಸು ಕೊಡಬೇಕು, 15 ದಿನ ಕಾಯಬೇಕು, ನಂತರ ಒಂದು ತಿಂಗಳಲ್ಲಿ ದೂರು ದಾಖಲಿಸಬೇಕು ಎನ್ನುವುದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಸುತ್ತಲಿನ ಲೆಕ್ಕ. ಕಾಕಾ ಚೆಕ್ ಹಿಡಿದು ಹೋದದ್ದು ವಕೀಲರ ಹತ್ತಿರವಲ್ಲ, ಏಜೆಂಟನ ಹತ್ತಿರ. ಅವನು “ಇನ್ನೊಂದು ತಿಂಗಳ ತಡೀರಿ ಗೌಡ್ರ” ಅಂದ. ಕಾಕಾ ಗೌಡನೇನೂ ಅಲ್ಲ. ಹಾಗೆ ಕರೆದದ್ದಕ್ಕೇ ಎರಡು ತಿಂಗಳು ಹೆಚ್ಚು ತಡೆದ ಎಂದು ನಮ್ಮ ಕಾಕು ಈಗಲೂ ಆಡಿಕೊಳ್ಳುತ್ತಾಳೆ.

2015ರ ಹೊತ್ತಿಗೆ ಕಟ್ಟಡದ ಕೆಲಸ ನಿಂತಿತು. ಕಬ್ಬಿಣದ ಸರಳು ಮೇಲೆದ್ದ ಕಂಬಗಳು, ಅರ್ಧ ಕಟ್ಟಿದ ಕಾಂಪೌಂಡು, ಒಬ್ಬ ವಾಚಮನ್. ಎರಡು ವರ್ಷದ ಮೇಲೆ ಪಗಾರ ಬರದೆ ವಾಚಮನ್ನನೂ ಹೋದ. ಕಾಕಾನ ಹೊಲದವರೆಗೆ ಕಾಂಪೌಂಡು ಬಂದಿರಲಿಲ್ಲ. ಬೀಳು ಬಿದ್ದ ಹೊಲ ನೋಡಲಾಗದೆ ಅವನು ಮತ್ತೆ ಕುಂಟಿ ಹೊಡೆದ, ಹಿಂಗಾರಿಗೆ ಜೋಳ ಹಾಕಿದ. ಯಾರೂ ಕೇಳಲಿಲ್ಲ. ಅಂದಿನಿಂದ ಇಂದಿನವರೆಗೆ ಹೊಲ ಉಳುವವನು ಅವನೇ. ಆದರೆ ಬೆಳೆ ಪರಿಹಾರ ಬಂದರೆ ಅವನಿಗಿಲ್ಲ, ಬೆಳೆ ವಿಮೆ ಇಲ್ಲ, ಸೊಸೈಟಿ ಸಾಲ ಇಲ್ಲ, ಪಿಎಂ ಕಿಸಾನಿನ ವರ್ಷದ ₹6,000 ಇಲ್ಲ. ಎಲ್ಲಕ್ಕೂ ಒಂಬತ್ತನೇ ಕಾಲಂ ಬೇಕು.

ನಾನು ಇಲಕಲ್ಲಿನಲ್ಲಿ ಕನ್ನಡ ಪಾಠ ಹೇಳುವವನು. ಕಾನೂನು ನನ್ನ ಹೊಲವಲ್ಲ. ಆದರೆ ಮನೆಯಲ್ಲಿ ಒಬ್ಬ ಓದಿದವನಿದ್ದರೆ ಎಲ್ಲ ಕಾಗದವೂ ಅವನ ಮುಂದೆ ಬಂದು ಬೀಳುತ್ತದೆ. ಬಾಂಡ್ ಪೇಪರಿಗೂ ವಚನಕ್ಕೂ ನಮ್ಮವರು ಭೇದ ಮಾಡುವುದಿಲ್ಲ. ಹೀಗಾಗಿ ಕಳೆದ ಕೆಲವು ವರ್ಷಗಳಲ್ಲಿ ನಾನು ಕಾದಂಬರಿಗಳಿಗಿಂತ ಹೆಚ್ಚು ಖರೀದಿ ಪತ್ರಗಳನ್ನು ಓದಿದ್ದೇನೆ. ಬೇಸರದ ಓದೇನೂ ಅಲ್ಲ ಅದು. ಚಕ್ಕುಬಂದಿ ಬರೆಯುವ ಭಾಗವಂತೂ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಬಂಡಿದಾರಿ ಎಂದು ಸಾಗುವಾಗ, ನಮ್ಮ ಶಾಸನಗಳ ದಾನದ ಭಾಗವನ್ನೇ ನೆನಪಿಸುತ್ತದೆ. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಕ್ರಿ.ಶ. 578ರದು. ಗುಹಾಲಯ ಮಾಡಿಸಿ ಅದಕ್ಕೆ ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟದ್ದು ಅಲ್ಲಿ ದಾಖಲಾಗಿದೆ. ಊರಿನ ಹೆಸರು ಕಲ್ಲಿನ ಮೇಲಿದೆ, ಯಾರಿಗೆ ಸಂದದ್ದು ಎಂಬುದು ಕಲ್ಲಿನ ಮೇಲಿದೆ. ಹನ್ನೊಂದನೇ ಕಾಲಂ ಮಾತ್ರ ಇಲ್ಲ.

ಕಂಪನಿ ಮುಳುಗಿದ ಸುದ್ದಿ ನಮಗೆ ತಲುಪಿದ ಬಗೆ ಹೇಳಬೇಕು. 2016ರಲ್ಲಿ ದಿವಾಳಿ ಸಂಹಿತೆ ಬಂದ ಮೇಲೆ ಸಾಲ ಕಟ್ಟದ ಕಂಪನಿಯನ್ನು ಬ್ಯಾಂಕು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ, ಅಂದರೆ ಎನ್‌ಸಿಎಲ್‌ಟಿಗೆ ಎಳೆಯಬಹುದು. ಯಾವ ಊರಿನ ಪೀಠ ಎನ್ನುವುದನ್ನು ನಿರ್ಧರಿಸುವುದು ಕಂಪನಿಯ ನೋಂದಾಯಿತ ಕಚೇರಿ, ಅದರ ಹೊಲವಲ್ಲ. ನಮ್ಮ ಕಂಪನಿಯ ಕಚೇರಿ ಮುಂಬೈಯಲ್ಲಿತ್ತು. 2019ರಲ್ಲಿ ಅಲ್ಲಿನ ಪೀಠ ಅರ್ಜಿ ಒಪ್ಪಿಕೊಂಡು ಒಬ್ಬ ರೆಸಲ್ಯೂಷನ್ ಪ್ರೊಫೆಷನಲ್‌ನನ್ನು ನೇಮಿಸಿತು. ಸಾಲ ಬರಬೇಕಾದವರು 14 ದಿನದಲ್ಲಿ ಕ್ಲೇಮ್ ಹಾಕಿ ಎಂದು ಆತ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು: ಒಂದು ಇಂಗ್ಲಿಷ್ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯದು, ನೋಂದಾಯಿತ ಕಚೇರಿ ಇರುವಲ್ಲಿ. ಕಂಪನಿಯ ಮುಖ್ಯ ವ್ಯವಹಾರ ನಡೆಯುವ ಬೇರೆ ಊರಿದ್ದರೆ ಅಲ್ಲಿಯೂ ಕೊಡಬೇಕು, ಆದರೆ ಅದು ಆತನ ಅಭಿಪ್ರಾಯಕ್ಕೆ ಬಿಟ್ಟದ್ದು. ಅರ್ಧ ಎದ್ದ ಕಂಬಗಳಲ್ಲಿ ಏನು ವ್ಯವಹಾರ? ಪ್ರಕಟಣೆ ಮರಾಠಿಯಲ್ಲಿ ಬಂತು, ಮುಂಬೈಯಲ್ಲಿ ಬಂತು. ನಮಗೆ ಗೊತ್ತಾದದ್ದು ಏಳು ತಿಂಗಳ ಮೇಲೆ, ಎರಡು ಬದುವಿನಾಚೆಯವರಿಗೆ ಇಂಗ್ಲಿಷಿನ ಪತ್ರವೊಂದು ಬಂದಾಗ.

“ದಿವಾಳಿ ಎದ್ದಾನ ಅಂದ್ರ ರಾತ್ರೋರಾತ್ರಿ ಮನಿಗೆ ಕೀಲಿ ಹಾಕ್ಕೊಂಡು ಓಡಿ ಹೋಗ್ಯಾನ ಅಂತ ಅರ್ಥ. ಇದೆಂಥಾ ದಿವಾಳಿನೋ, ವಕೀಲರನ್ನ ಇಟಗೊಂಡು ನೋಟೀಸ ಕೊಡ್ತದ?” ಎಂದು ಕಾಕಾ ಕೇಳಿದ. ಹಳೆಯ ಇಲಕಲ್ಲಿನ ನೂಲಿನ ವ್ಯಾಪಾರಿಗಳ ಕಾಲದ ದಿವಾಳಿ ಅವನ ತಲೆಯಲ್ಲಿತ್ತು. ಈಗಿನ ದಿವಾಳಿಯಲ್ಲಿ ಯಾರೂ ಓಡುವುದಿಲ್ಲ. ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಅರ್ಜಿ ಒಪ್ಪಿದ ದಿನದಿಂದ ‘ಮೊರಟೋರಿಯಂ’. ಕಂಪನಿಯ ಮೇಲೆ ಯಾರೂ ದಾವೆ ಹೂಡುವಂತಿಲ್ಲ, ಹೂಡಿದ್ದು ಮುಂದುವರಿಯುವಂತಿಲ್ಲ, ಅದರ ಸ್ವಾಧೀನದಲ್ಲಿರುವ ಆಸ್ತಿಯನ್ನು ಮಾಲೀಕನೇ ಆದರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಕೊನೆಯ ಮಾತು ನಮ್ಮ ಬದುವಿನ ಪಕ್ಕದವರಿಗೆ ತಟ್ಟಿತು. ಅವರು ಮಾರಿರಲಿಲ್ಲ, ಸಾಮಾನು ಇಳಿಸಲು, ಲಾರಿ ಓಡಾಡಲು ಮೂರು ಎಕರೆ ಲೀಸಿಗೆ ಕೊಟ್ಟಿದ್ದರು. ಒಂಬತ್ತನೇ ಕಾಲಂನಲ್ಲಿ ಅವರ ಹೆಸರೇ ಇತ್ತು. ಸಂಹಿತೆಯ 18ನೇ ಕಲಮು, ಬೇರೆಯವರ ಆಸ್ತಿ ಕರಾರಿನ ಮೇಲೆ ಕಂಪನಿಯ ಕೈಯಲ್ಲಿದ್ದರೆ ಅದು ಕಂಪನಿಯ ಆಸ್ತಿಯಲ್ಲ ಎಂದೇ ಹೇಳುತ್ತದೆ. ಆದರೆ 14ನೇ ಕಲಮು, ಹಾಗಿದ್ದರೂ ಈಗ ಕೇಳಬೇಡ ಎನ್ನುತ್ತದೆ. ಬಾಡಿಗೆಯೂ ಇಲ್ಲ, ಹೊಲವೂ ಇಲ್ಲ. ಅವಧಿಯೊಳಗಿನ ಬಾಡಿಗೆಯನ್ನು ಪ್ರಕ್ರಿಯೆಯ ಖರ್ಚಿನಲ್ಲಿ ಸೇರಿಸಿ ಮೊದಲ ಪಾಳಿಯಲ್ಲೇ ಕೊಡಬೇಕೆಂಬ ನಿಯಮವಿದೆ, ನಿಜ. ಕೊಡಲು ದುಡ್ಡಿರಬೇಕು. ಎರಡು ವರ್ಷದ ಮೇಲೆ ಹೊಲ ವಾಪಸು ಬಂತು, ಸಿಮೆಂಟಿನ ಒಂಬತ್ತು ಗಟ್ಟಿ ಕಟ್ಟೆಗಳ ಸಮೇತ. ನೇಗಿಲು ಅಲ್ಲಿ ಸುತ್ತು ಹಾಕಿಕೊಂಡು ಹೋಗುತ್ತದೆ.

ಅವರಾಚೆಯವರದು ಇನ್ನೊಂದು ಕತೆ. ಸಂಚಕಾರ ಪತ್ರ ಬರೆದುಕೊಟ್ಟು ₹1 ಲಕ್ಷ ತೆಗೆದುಕೊಂಡಿದ್ದರು, ಖರೀದಿ ಆಗಿರಲಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಬರೀ ಕರಾರಿನಿಂದ ಜಮೀನಿನ ಮೇಲೆ ಹಕ್ಕು ಹುಟ್ಟುವುದಿಲ್ಲ. ಹೀಗಾಗಿ ಅವರ ಹೊಲ ಬಚಾವಾಯಿತು. ಆ ಇಂಗ್ಲಿಷ್ ಪತ್ರ ಬಂದದ್ದು ಅವರಿಗೇ: ಒಂದೋ ಖರೀದಿ ಮಾಡಿಕೊಡಿ, ಇಲ್ಲವೇ ಮುಂಗಡ ಬಡ್ಡಿಸಮೇತ ಹಿಂದಿರುಗಿಸಿ ಎಂದು. “ಸತ್ತವನ ಕಡೆಯಿಂದ ಬಾಕಿ ಕೇಳಾಕ ಬಂದಾರ” ಎಂದು ಊರೆಲ್ಲ ತೋರಿಸಿಕೊಂಡು ಬಂದರು. ಮತ್ತೊಂದು ಐದೆಕರೆಯನ್ನು ಏಜೆಂಟ ತನ್ನ ಸ್ವಂತ ಹೆಸರಿನಲ್ಲಿ ಖರೀದಿ ಮಾಡಿದ್ದ. ಬೇಸಾಯದ ಭೂಮಿಯನ್ನು ಕಂಪನಿಗಳು ಕೊಳ್ಳಲು ನಮ್ಮ 1961ರ ಭೂಸುಧಾರಣಾ ಕಾಯ್ದೆಯಲ್ಲಿ ನಿರ್ಬಂಧವಿತ್ತು, ಕಾರ್ಖಾನೆಗೆ ಬೇಕಾದರೆ 109ನೇ ಕಲಮಿನಲ್ಲಿ ಸರ್ಕಾರದ ವಿನಾಯಿತಿ ತರಬೇಕಿತ್ತು. ವಿನಾಯಿತಿ ಬರುವವರೆಗೆ ಸ್ಥಳೀಯ ರೈತನೊಬ್ಬನ ಹೆಸರಿನಲ್ಲಿರಲಿ ಎಂಬುದು ಉಪಾಯ. ದುಡ್ಡು ಕಂಪನಿಯದು, ಹೆಸರು ಏಜೆಂಟನದು. ಈಗ ಅವನು ಹೊಲ ನನ್ನದೇ ಎನ್ನುತ್ತಾನೆ. ಉತಾರವೂ ಹಾಗೇ ಹೇಳುತ್ತದೆ.

ಒಂದೇ ಏಜೆಂಟ, ಒಂದೇ ಚಹಾದಂಗಡಿ, ಒಂದೇ ತಿಂಗಳು. ಆದರೂ ನಾಲ್ಕು ಬಗೆಯ ಕಾಗದಕ್ಕೆ ನಾಲ್ಕು ಬಗೆಯ ಗತಿ. ಎಲ್ಲರಿಗಿಂತ ಪಕ್ಕಾ ಕಾಗದ ಮಾಡಿಕೊಟ್ಟವನು ಕಾಕಾ. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನೂ ಅವನೇ.

ಇಂಥ ಜಗಳಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿವೆ. ಓದುತ್ತ ಹೋದಾಗ ನನಗೆ ಕಂಡದ್ದು, 2019ರ ಕೊನೆಯಲ್ಲಿ ಮೂರು ವಾರದೊಳಗೆ ಬಂದ ಎರಡು ತೀರ್ಪು. ನವೆಂಬರ್ 15ರದು ಮುಂಬೈಯ ಸೆವೆನ್‌ಹಿಲ್ಸ್ ಆಸ್ಪತ್ರೆಯದು. ಜಾಗ ಮುಂಬೈ ಮಹಾನಗರ ಪಾಲಿಕೆಯದು, ಆಸ್ಪತ್ರೆ ಕಟ್ಟಿದ ಕಂಪನಿ ದಿವಾಳಿಗೆ ಹೋಯಿತು. ಪಾಲಿಕೆಯ ಒಪ್ಪಿಗೆಯಿಲ್ಲದೆ ಅದರ ಜಾಗವನ್ನು ಪುನಶ್ಚೇತನ ಯೋಜನೆಯಲ್ಲಿ ಮುಟ್ಟುವಂತಿಲ್ಲ ಎಂದಿತು ಕೋರ್ಟು. ಡಿಸೆಂಬರ್ 3ರದು ನಮ್ಮ ರಾಜ್ಯದ್ದೇ. ಟಿಫಿನ್ಸ್ ಬರೈಟೀಸ್ ಎಂಬ ಕಂಪನಿಗೆ ಕರ್ನಾಟಕ ಸರ್ಕಾರ ಕೊಟ್ಟ ಗಣಿ ಗುತ್ತಿಗೆ 2018ರ ಮೇ 25ಕ್ಕೆ ಮುಗಿಯುವುದಿತ್ತು. ಅದಕ್ಕೆ ಎರಡು ತಿಂಗಳು ಮೊದಲು, ಮಾರ್ಚಿನಲ್ಲಿ, ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಗುತ್ತಿಗೆ 2020ರ ಮಾರ್ಚ್ ತನಕ ತಾನಾಗಿಯೇ ಮುಂದುವರಿಯಬೇಕು ಎಂದು ರೆಸಲ್ಯೂಷನ್ ಪ್ರೊಫೆಷನಲ್ ಕೇಳಿದ. ಸರ್ಕಾರ ಆಗದು ಎಂದಿತು. ಚೆನ್ನೈನ ಎನ್‌ಸಿಎಲ್‌ಟಿ ಸರ್ಕಾರಕ್ಕೆ ಗುತ್ತಿಗೆ ಮಾಡಿಕೊಡು ಎಂದು ಆದೇಶಿಸಿತು. ನಮ್ಮ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಸುಪ್ರೀಂ ಕೋರ್ಟು ಹೈಕೋರ್ಟಿನ ಪರ ನಿಂತಿತು. ಸಾರ್ವಜನಿಕ ಕಾನೂನಿನಡಿ ಸರ್ಕಾರ ಕೈಗೊಂಡ ತೀರ್ಮಾನವನ್ನು ಬದಲಿಸುವ ಅಧಿಕಾರ ದಿವಾಳಿ ನ್ಯಾಯಮಂಡಳಿಗೆ ಇಲ್ಲ ಎಂಬುದು ಅದರ ತಿರುಳು.

ಎರಡೂ ಸರಿಯಾದ ತೀರ್ಪುಗಳೇ ಎಂದು ನನ್ನ ಭಾವನೆ. ಆದರೆ ಎರಡರಲ್ಲೂ ಜಾಗದ ಒಡೆಯ ಯಾರು ನೋಡಿ: ಒಂದು ಕಡೆ ಪಾಲಿಕೆ, ಇನ್ನೊಂದು ಕಡೆ ಸರ್ಕಾರ. ಮುಂದಿನ ಫೆಬ್ರುವರಿಯಲ್ಲಿ, 2020ರ 19ರಂದು, ಮಹಾರಾಷ್ಟ್ರದ ಗೃಹಮಂಡಳಿಗೂ ಎಟಕದ ದಿನ ಬಂತು. ಗೋರೆಗಾಂವದ ಸುಮಾರು 47 ಎಕರೆ ಮಂಡಳಿಯದ್ದೇ. 672 ಬಾಡಿಗೆದಾರ ಕುಟುಂಬಗಳಿಗೆ ಮನೆ ಕಟ್ಟಿಕೊಡುವ ಕರಾರಿನ ಮೇಲೆ ಬಿಲ್ಡರನ ಕೈಗೆ ಹೋಗಿತ್ತು. ಬಿಲ್ಡರ್ ದಿವಾಳಿ. ಜಾಗ ಬಿಡು ಎಂದರೆ, ಅದು ಬಿಲ್ಡರನ ವಶದಲ್ಲಿರುವ ಆಸ್ತಿ, ಮೊರಟೋರಿಯಂ ಮುಗಿಯುವವರೆಗೆ ಕಾಯಿರಿ ಎಂದಿತು ಕೋರ್ಟು. ಅಷ್ಟು ದೊಡ್ಡ ಮಂಡಳಿಯೇ ಕಾಯಬೇಕಾದರೆ ಸಿಮೆಂಟು ಕಟ್ಟೆಯ ನಮ್ಮ ನೆರೆಯವರದೇನು ಲೆಕ್ಕ?

ಸಂಹಿತೆ ಬರುವ ಮೊದಲು ಏನಿತ್ತು ಎಂದು ತಿಳಿಯಬೇಕಾದರೆ ಕೆಜಿಎಫ್‌ಗೆ ಹೋಗಬೇಕು. ಎರಡು ವರ್ಷದ ಹಿಂದೆ ಒಂದು ವಿಚಾರಸಂಕಿರಣಕ್ಕೆಂದು ಕೋಲಾರಕ್ಕೆ ಹೋದವನು ಒಂದು ದಿನ ಉಳಿದುಕೊಂಡು ಅಲ್ಲಿಗೆ ಹೋಗಿದ್ದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ನೆಲ ಅದು. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 1992ರಲ್ಲಿ ರೋಗಗ್ರಸ್ತ ಕೈಗಾರಿಕೆಗಳ ಮಂಡಳಿ ಬಿಐಎಫ್‌ಆರ್ ಮುಂದೆ ಹೋಗಿ, 2000ದ ಜೂನ್‌ನಲ್ಲಿ ಮುಚ್ಚುವುದೇ ಒಳ್ಳೆಯದೆಂಬ ಮಾತು ಬಂದು, 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಆಮೇಲಿನದು ಜಾಗದ ಕತೆ. ನೆಲ ಕೇಂದ್ರದ ಕಂಪನಿಯದೋ, ಗುತ್ತಿಗೆ ಕೊಟ್ಟ ರಾಜ್ಯದ್ದೋ? ಸಾಲುಮನೆಗಳಲ್ಲಿ ಮೂರು ತಲೆಮಾರು ಬಾಳಿದ ಕಾರ್ಮಿಕರಿಗೆ ಆ ಮನೆ ಸಿಗಬೇಕೋ ಬೇಡವೋ? ಗಣಿಯ ಜಾಗತಿಕ ಟೆಂಡರಿಗೆ 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟು ದಾರಿ ಬಿಟ್ಟಿತು. 2024ರ ಜೂನ್‌ನಲ್ಲಿ, ಗಣಿಯ ಮಣ್ಣು ಸುರಿದ 13 ದಿಬ್ಬಗಳಿರುವ ಸುಮಾರು 1,003 ಎಕರೆಯಲ್ಲಿ ಮತ್ತೆ ಚಿನ್ನ ಸೋಸಲು ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಆ ದಿಬ್ಬಗಳನ್ನು ಅಲ್ಲಿನವರು ಸೈನೈಡ್ ಗುಡ್ಡ ಎನ್ನುತ್ತಾರೆ. ಗಾಳಿ ಬಂದರೆ ಬೂದಿಬಣ್ಣದ ಧೂಳು ಮನೆಯೊಳಗೆ ಬರುತ್ತದೆ. ನನ್ನನ್ನು ಕರೆದೊಯ್ದ ಆಟೋದ ಹಿರಿಯರು ಒಂದು ಸಾಲುಮನೆ ತೋರಿಸಿ, “ಇಲ್ಲೇ ಹುಟ್ಟಿದ್ದು ಸಾರ್, ಇಲ್ಲೇ ಇದೀನಿ. ಕರೆಂಟ್ ಬಿಲ್ ನನ್ನ ಹೆಸರಲ್ಲೇ ಬರುತ್ತೆ, ಮನೆ ಮಾತ್ರ ನನ್ನ ಹೆಸರಲ್ಲಿಲ್ಲ” ಅಂದರು. ನಮ್ಮ ಬಾಗಲಕೋಟೆಯಲ್ಲೂ ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡವರ ಬಾಯಲ್ಲಿ ಇಂಥ ಮಾತು ಕೇಳಿದ್ದೇನೆ. ಆದರೆ ಮುಳುಗಡೆಯಲ್ಲಿ ಒಂದು ಸ್ಪಷ್ಟತೆ ಇತ್ತು. ತೆಗೆದುಕೊಳ್ಳುವವರು ಯಾರೆಂದು ಗೊತ್ತಿತ್ತು, ಪರಿಹಾರದ ಆದೇಶ ಕೈಗೆ ಬರುತ್ತಿತ್ತು, ಸಾಲದು ಎಂದರೆ ಕೋರ್ಟಿಗೆ ಹೋಗಿ ಜಾಸ್ತಿ ಕೇಳಬಹುದಿತ್ತು. ಬಾಗಿಲು ಬಡಿಯಲು ನವನಗರದಲ್ಲೇ ಒಂದು ಕಚೇರಿ ಇತ್ತು.

ಇನ್ನು ಕಾಕಾನ ಪ್ರಕರಣ. ಮುಂಬೈಯಲ್ಲಿ ಕಂಪನಿಯನ್ನು ಕೊಳ್ಳಲು ಯಾರೂ ಮುಂದೆ ಬರಲಿಲ್ಲ. 2021ರಲ್ಲಿ ಲಿಕ್ವಿಡೇಷನ್ ಆದೇಶವಾಯಿತು. ಅಂದರೆ ಇದ್ದದ್ದನ್ನು ಮಾರಿ ಹಂಚುವುದು. ಹಂಚುವ ಪಾಳಿಯನ್ನು 53ನೇ ಕಲಮು ಹೇಳುತ್ತದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡವು ಇರುವ ಬ್ಯಾಂಕುಗಳು ಸಮಸಮ. ನಂತರ ಉಳಿದ ನೌಕರರು, ಅಡವಿಲ್ಲದ ಸಾಲ ಕೊಟ್ಟವರು, ಸರ್ಕಾರದ ತೆರಿಗೆ. ಅದಾದ ಮೇಲೆ ‘ಉಳಿದ ಸಾಲಗಳು’. ಕಾಕಾ ಈ ಉಳಿದವರಲ್ಲಿ. ನಮ್ಮೂರ ಊಟದಲ್ಲಿ ಕಡೆಯ ಪಂಕ್ತಿಗೆ ಸಾರಾದರೂ ಸಿಗುತ್ತದೆ. ಇಲ್ಲಿ ಅದೂ ಅನುಮಾನ.

ಇಲಕಲ್ಲಿನ ನಮ್ಮ ವಕೀಲರು ಹೆಚ್ಚು ಮಾತಿನವರಲ್ಲ. ಕಾಗದವೆಲ್ಲ ಒಂದು ವಾರ ಇಟ್ಟುಕೊಂಡು ಓದಿ, ಫೋನ್ ಮಾಡಿ, “ಸರ್, ಖರೀದಿ ಪತ್ರದಾಗ ಚೆಕ್ಕಿನ ತಾರೀಖು ಬರದಾರಲ್ರಿ, ನೋಡೀರೇನು?” ಎಂದು ಕೇಳಿದರು. ನಾನು ನೋಡಿದ್ದೆ; ಅದರಲ್ಲಿ ಏನಿದೆ ಎಂಬುದು ಅವರು ಬಿಡಿಸಿ ಹೇಳಿದ ಮೇಲೆ ಬೆಳಕಾಯಿತು. ಆಸ್ತಿ ವರ್ಗಾವಣೆ ಕಾಯ್ದೆ 1882ರದು. ಅದರ 55ನೇ ಕಲಮಿನ ಒಂದು ಮೂಲೆಯಲ್ಲಿ, ಪೂರ್ತಿ ದುಡ್ಡು ಬರುವ ಮೊದಲೇ ಮಾಲಕಿ ಬಿಟ್ಟುಕೊಟ್ಟವನಿಗೆ ಬಾಕಿ ಮೊತ್ತದ ಮಟ್ಟಿಗೆ ಆ ಜಮೀನಿನ ಮೇಲೆಯೇ ಹಕ್ಕು ಉಳಿಯುತ್ತದೆ ಎಂದಿದೆ. ಯಾರೂ ಬರೆದುಕೊಡಬೇಕಿಲ್ಲ, ಕಾನೂನೇ ಹುಟ್ಟಿಸುವ ಬೋಜಾ. ಕೊಂಡವನಿಂದ ಜಮೀನು ಬೇರೆಯವರ ಕೈಗೆ ಹೋದರೂ, ದುಡ್ಡು ಬಾಕಿಯಿರುವುದು ಅವರಿಗೆ ತಿಳಿದಿದ್ದರೆ, ಆ ಹಕ್ಕು ಅವರ ಮೇಲೂ ನಡೆಯುತ್ತದೆ. ಬ್ಯಾಂಕಿಗೆ ತಿಳಿದಿತ್ತೇ? ನೋಂದಣಿಯಾದ ಪತ್ರವನ್ನು ಅಡವಿಟ್ಟುಕೊಂಡವರು ಅದನ್ನು ಓದಿದ್ದಾರೆಂದೇ ಕಾನೂನು ಹಿಡಿಯುತ್ತದೆ. ಪತ್ರದ ತಾರೀಖು 2012ರ ಮೇ. ಚೆಕ್ಕುಗಳ ತಾರೀಖು 2012ರ ನವೆಂಬರ್, 2013ರ ಮೇ. ಅಂದರೆ ‘ಪೂರ್ತಿ ಮುಟ್ಟಿದೆ’ ಎಂದು ಬರೆದ ಅದೇ ಪುಟ, ಇನ್ನೂ ಮುಟ್ಟಿಲ್ಲ ಎಂದೂ ಹೇಳುತ್ತಿದೆ.

ಈ ನೆಲೆಯ ಮೇಲೆ ನಾವು ಲಿಕ್ವಿಡೇಟರನ ಮುಂದೆ ₹9 ಲಕ್ಷದ ಕ್ಲೇಮ್ ಹಾಕಿದೆವು, ಅಡವು ಇರುವ ಸಾಲಗಾರನೆಂದು ಪರಿಗಣಿಸಬೇಕೆಂದು ಕೇಳಿದೆವು. ಇಂಥ ಹಕ್ಕಿಗೆ 12 ವರ್ಷದ ಗಡುವು, ನಾವು ಒಂಬತ್ತನೇ ವರ್ಷದಲ್ಲಿದ್ದೆವು. ಮೊತ್ತವನ್ನು ಆತ ಒಪ್ಪಿದ, ದರ್ಜೆಯನ್ನು ಒಪ್ಪಲಿಲ್ಲ. ಕಂಪನಿಗಳ ರಿಜಿಸ್ಟ್ರಾರರ ಬಳಿ ನೋಂದಣಿಯಾಗದ ಹಕ್ಕನ್ನು ಲೆಕ್ಕಕ್ಕೆ ಹಿಡಿಯಲಾಗದು ಎಂದು ಇಂಗ್ಲಿಷಿನಲ್ಲಿ ಎರಡು ಸಾಲಿನ ಈಮೇಲ್ ಬಂತು. ಅದರ ಮೇಲೆ ಮೇಲ್ಮನವಿಗೆ 14 ದಿನ. ಹಾಕಿದೆವು. ನಮ್ಮ ವಕೀಲರ ವಾದ ಸರಳ: ನೋಂದಣಿ ಬೇಕಾದದ್ದು ಕಂಪನಿ ತಾನೇ ಸೃಷ್ಟಿಸಿದ ಹಕ್ಕಿಗೆ. ಇದು ಕಾನೂನು ಸೃಷ್ಟಿಸಿದ್ದು. ರೈತ ಮುಂಬೈಗೆ ಹೋಗಿ ಯಾರ ಹತ್ತಿರ ಏನು ನೋಂದಣಿ ಮಾಡಿಸಬೇಕಿತ್ತು?

ಮನವಿ ಬಾಕಿಯಿರುವಾಗಲೇ 2022ರ ಸೆಪ್ಟೆಂಬರ್ 6ರಂದು ರೇನ್‌ಬೋ ಪೇಪರ್ಸ್ ತೀರ್ಪು ಬಂತು. ಗುಜರಾತಿನ ವ್ಯಾಟ್ ಕಾಯ್ದೆಯಂತೆ ತೆರಿಗೆ ಬಾಕಿಗೆ ಆಸ್ತಿಯ ಮೇಲೆ ತಾನಾಗಿ ಹಕ್ಕು ಹುಟ್ಟುವುದರಿಂದ ಸರ್ಕಾರವನ್ನೂ ಅಡವು ಇರುವ ಸಾಲಗಾರನೆಂದೇ ಎಣಿಸಬೇಕು ಎಂದಿತು ಸುಪ್ರೀಂ ಕೋರ್ಟು. ಆ ದಿನ ವಕೀಲರು ತಾವೇ ಚಹಾ ಹೇಳಿದರು. ಕಾನೂನು ಹುಟ್ಟಿಸಿದ ಹಕ್ಕು ಸರ್ಕಾರಕ್ಕೆ ನಡೆದರೆ ನಾಲ್ಕೆಕರೆಯವನಿಗೆ ಯಾಕೆ ನಡೆಯಬಾರದು? ಆದರೆ ಮರು ವರ್ಷ, 2023ರ ಜುಲೈ 17ರಂದು, ರಾಮನ್ ಇಸ್ಪಾತ್ ಪ್ರಕರಣದಲ್ಲಿ ಅದೇ ಕೋರ್ಟಿನ ಇನ್ನೊಂದು ಪೀಠ, ರೇನ್‌ಬೋ ತೀರ್ಪು 53ನೇ ಕಲಮಿನ ಪಾಳಿಯನ್ನು ಗಮನಿಸಿಲ್ಲ, ಅದು ಆ ಪ್ರಕರಣಕ್ಕೆ ಮಾತ್ರ ಎಂದಿತು. ಅಕ್ಟೋಬರಿನಲ್ಲಿ ರೇನ್‌ಬೋ ತೀರ್ಪಿನ ಮರುಪರಿಶೀಲನೆಯ ಅರ್ಜಿಗಳೂ ವಜಾ ಆದವು. ಹೀಗೆ ಎರಡೂ ಇವೆ, ಒಂದರ ಪಕ್ಕದಲ್ಲೊಂದು. ನಾವು ಮೊದಲನೆಯದನ್ನು ಓದುತ್ತೇವೆ, ಎದುರಿನವರು ಎರಡನೆಯದನ್ನು.

ನನ್ನ ಒಲವು ಎತ್ತ ಎಂದು ಹೇಳಬೇಕಿಲ್ಲ. ಆದರೂ ಬ್ಯಾಂಕಿನದು ಪೂರ್ತಿ ತಪ್ಪು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ₹82 ಕೋಟಿಯೂ ಯಾರದೋ ಠೇವಣಿಯೇ. ಇಲಕಲ್ಲಿನ ನೇಕಾರರು ಸೀರೆ ಮಾರಿ ಇಟ್ಟ ದುಡ್ಡೂ ಅದರಲ್ಲಿ ಇದ್ದೀತು. ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಕೋಟಿ ಸಾಲ ಕೊಡುವ ಮೊದಲು ಆ ಪತ್ರಗಳನ್ನು ಓದಲು ಫೀ ತೆಗೆದುಕೊಂಡವರೊಬ್ಬರು ಇರಲೇಬೇಕು. ತಾರೀಖು ಅವರಿಗೆ ಕಂಡಿರಲೇಬೇಕು. ಒಂದು ಸಾಲು ಬರೆದಿದ್ದರೆ, ಬಾಕಿ ಚೆಕ್ಕು ಪಾಸಾದ ಮೇಲೆ ಸಾಲ ಕೊಡಿ ಎಂದು, ಅಷ್ಟೇ ಸಾಕಿತ್ತು.

ಹರಾಜು ಎರಡು ಸಲ ಕರೆದು ಎರಡು ಸಲವೂ ಯಾರೂ ಕೂಗಲಿಲ್ಲ. ಆನ್‌ಲೈನ್ ಹರಾಜು. ಜಾಹೀರಾತಿನಲ್ಲಿ ಜಮೀನು ‘ಇದ್ದಲ್ಲಿ ಇದ್ದ ಹಾಗೆ’ ಎಂದು ಬರೆಯುತ್ತಾರೆ. ಎರಡನೇ ಸಲ ಬೆಲೆ ಕಟ್ಟಲು ಬಂದಿದ್ದ ಹುಡುಗ ಬಾದಾಮಿ ಸ್ಟೇಷನ್ನಿನಿಂದ ಬಾಡಿಗೆ ಕಾರಿನಲ್ಲಿ ಬಂದ, ನಕಾಶೆ ಹಿಡಿದು ಹೊಲದ ನಡುವೆ ನಿಂತ. ಎದೆಯೆತ್ತರ ಜೋಳ. ಇದು ಖಾಲಿ ಜಾಗ ಎಂದು ನನ್ನ ಫೈಲಿನಲ್ಲಿದೆ ಎಂದ ಹಿಂದಿಯಲ್ಲಿ. ಕಾಕಾನಿಗೆ ಹಿಂದಿ ಬಾರದು. ನಾಲ್ಕು ತೆನೆ ಮುರಿದು ಸುಟ್ಟು ಸೀತನಿ ತಿನ್ನಿಸಿ ಕಳಿಸಿದ. ಹುಡುಗ ವರದಿಯಲ್ಲಿ ಏನು ಬರೆದನೋ. ಮುಂದಿನ ಜಾಹೀರಾತಿನಲ್ಲಿ ಮಾತ್ರ ‘ಅನಧಿಕೃತ ಸಾಗುವಳಿ ಇದೆ’ ಎಂಬ ಒಂದು ಸಾಲು ಸೇರಿತ್ತು.

ಮನವಿಯ ವಿಚಾರಣೆ ಮುಂಬೈಯಲ್ಲೇ ನಡೆದರೂ ವಿಡಿಯೋದಲ್ಲಿ ಹಾಜರಾಗಬಹುದು. ಹೋದ ಸಲ ವಕೀಲರ ಕಚೇರಿಯಲ್ಲಿ ಕಾಕಾನನ್ನೂ ಕೂರಿಸಿಕೊಂಡಿದ್ದೆವು. ರುಮಾಲು ಸುತ್ತಿಕೊಂಡು ಬಂದಿದ್ದ. ಮೂರು ತಾಸು ಕಾದ ಮೇಲೆ ನಮ್ಮ ನಂಬರು ಬಂತು, ಎದುರಿನ ವಕೀಲರು ಸಮಯ ಕೇಳಿದರು, ಆರು ವಾರದ ಮುಂದಿನ ತಾರೀಖು ಸಿಕ್ಕಿತು. ಎಲ್ಲ ಸೇರಿ ಒಂದು ನಿಮಿಷ ಆಗಿರಬಹುದು. ಪರದೆ ಆರಿದ ಮೇಲೆ ಕಾಕಾ ವಕೀಲರ ಕಡೆ ತಿರುಗಿ, “ಅಲ್ರೀ ಸಾಹೇಬ್ರ, ಆರು ವಾರ ಅಂದ್ರ ಹಿಂಗಾರಿ ಬಿತ್ತಿಗಿ ದಾಟತೈತಿ. ಈ ಸಲ ಕಡ್ಲಿ ಹಾಕಬೇಕಂತ ಮಾಡೇನಿ. ಹಾಕಲ್ಯೋ ಬ್ಯಾಡೋ?” ಎಂದು ಕೇಳಿದ.

ವಕೀಲರು ಫೈಲು ಕಟ್ಟುತ್ತಿದ್ದವರು ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. “ಬಿತ್ರಿ” ಅಂದರು. “ಬೀಜದ ಪಾವತಿ ಮಾತ್ರ ನಿಮ್ಮ ಹೆಸರಿಲೆ ತಗೋರಿ. ಇಲ್ಲಿ ತಂದ ಕೊಡ್ರಿ.”